ಎರಡನೇ ಬ್ರೇಕು

ಫೆಬ್ರವರಿ 16, ಭಾನುವಾರ

ಇವತ್ತು ಮಗಳು ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಮೂಗು ಉಳಿದದ್ದೇ ಹೆಚ್ಚು.

ಡ್ರೈವಿಂಗ್ ಕಲಿಯುವವರ ಹಾಜರಿ ಬರೆಯುವ ಹಳೇ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ ಓದಿಯಾರು ಎಂಬ ಭಯವಿಲ್ಲ, ನನ್ನ ಅಕ್ಷರ ನನಗೇ ಕಷ್ಟ. ಮನೆಯಲ್ಲಿ ಕೂಗಾಡಿ ಗಂಟಲು ಕೆಟ್ಟರೆ ನಾಳೆ ಕಾರಿನಲ್ಲಿ ಕೂಗಲು ಏನೂ ಉಳಿಯುವುದಿಲ್ಲ, ಅದಕ್ಕೆ ಈ ದಾರಿ.

ಆದದ್ದಿಷ್ಟು. ಒಂಬತ್ತು ದಿನದಿಂದ ಗಣಿತದ ವಿಶೇಷ ತರಗತಿಗೆ ಹೋಗುತ್ತೇನೆ ಎಂದು ಹೇಳಿ ಹೋಗುತ್ತಿದ್ದವಳು ಒಂದು ದಿನವೂ ಅಲ್ಲಿಗೆ ಹೋಗಿಲ್ಲ. ಬಸ್ ನಿಲ್ದಾಣದ ಮಹಡಿಯ ಮೇಲೆ ಗೆಳತಿ ಚಶ್ಮಾ ಜೊತೆ ಕೂತು ಬಸ್ಸುಗಳನ್ನು ನೋಡುತ್ತಿದ್ದಳಂತೆ. ದಪ್ಪ ಕನ್ನಡಕದ ಆ ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ನಮ್ಮ ಮನೆಯಲ್ಲೂ ಅದೇ ಹೆಸರಾಗಿದೆ. ಒಂಬತ್ತು ದಿನ! ದಿನಾ ಸಂಜೆ "ಇವತ್ತೇನು ಪಾಠ ಆಯ್ತು?" ಎಂದು ನಾನು ಕೇಳಿದ್ದೇನೆ, ದಿನಾ ಅವಳು ಒಂದೊಂದು ಪಾಠದ ಹೆಸರು ಹೇಳಿದ್ದಾಳೆ. ಕಣ್ಣು ಕೂಡ ಮಿಟುಕಿಸದೆ.

"ಡ್ರೈವಿಂಗ್ ಕಲಿಯೋಕೆ ಬಂದವರು ಕನ್ನಡಿ ಸರಿ ಮಾಡ್ಕೊಳ್ಳೋ ರೀತಿ ನೋಡಿದ್ರೆ ಸಾಕು, ಅವರು ಎಂಥವರು ಅಂತ ಹೇಳಿಬಿಡ್ತೀನಿ. ನನಗೇ ಸುಳ್ಳು ಹೇಳ್ತೀಯಾ?" ಎಂದೆ.

"ನಿನ್ನ ಪಾಠಾನ ನಿನ್ನ ಕಾರಲ್ಲೇ ಇಟ್ಕೋ ಅಪ್ಪ" ಎಂದಳು. ಆಮೇಲೆ ಬಾಗಿಲು.

ಫೆಬ್ರವರಿ 19, ಬುಧವಾರ

ತಲೆಯ ಒಂದು ಪಕ್ಕ ಪೂರ್ತಿ ಬೋಳಿಸಿಕೊಂಡು ಬಂದಿದ್ದಾಳೆ. ಇನ್ನೊಂದು ಪಕ್ಕ ಹಾಗೇ ಇದೆ, ಭುಜದವರೆಗೆ. ಬಾಗಿಲು ತೆರೆದ ನಾನು ಯಾರೋ ಬೇರೆ ಮನೆಯ ಮಗು ಎಂದುಕೊಂಡು "ಯಾರು ಬೇಕಮ್ಮ?" ಎಂದುಬಿಟ್ಟೆ.

ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಎಂಥ ಗಾಯ ನೋಡಿದರೂ ಹೆದರುವವಳಲ್ಲ. ಮೊದಲು ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. "ಯಾಕೆ ಹೀಗೆ ಮಾಡ್ಕೊಂಡೆ?" ಎಂದು ನಾನು ಹತ್ತು ಸಲ ಕೇಳಿದೆ. "ಗೊತ್ತಿಲ್ಲ" ಎಂದಳು ಹತ್ತು ಸಲವೂ. ಹನ್ನೊಂದನೆಯ ಸಲ ಕೇಳಲು ಹೊರಟವನಿಗೆ ಅವಳ ಮುಖ ನೋಡಿ ಹೊಳೆಯಿತು, ಅವಳಿಗೆ ನಿಜವಾಗಿಯೂ ಗೊತ್ತಿಲ್ಲ. ನನಗೆ ಅದೇ ಹೆಚ್ಚು ದಿಗಿಲಾಯಿತು.

ಫೆಬ್ರವರಿ 23, ಭಾನುವಾರ

ನಾನು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರನ್ನು ತೊಳೆಯಲು ಒಯ್ಯಬೇಕಿತ್ತು. ಬರ್ತೀಯಾ ಎಂದೆ, ಬಂದಳು. ಕಾರಿನಲ್ಲಿ ಕೂತದ್ದೇ ತಡ, ಬಾಯಿ ಬಿಟ್ಟಳು ನೋಡಿ! ಯಾವ ಟೀಚರ್ ಹೇಗೆ ಕೆಮ್ಮುತ್ತಾರೆ, ಚಶ್ಮಾ ಹೇಗೆ ಕನ್ನಡಕದ ಮೇಲೇ ಕೂತಳು, ಎಲ್ಲ ಹೇಳಿದಳು. ನಾಲ್ಕು ತಿಂಗಳಲ್ಲಿ ಅವಳು ಮನೆಯಲ್ಲಿ ಆಡಿದ ಮಾತೆಲ್ಲ ಸೇರಿಸಿದರೂ ಇಷ್ಟಾಗುವುದಿಲ್ಲ. ಸ್ಟಿಯರಿಂಗ್ ಹಿಡಿದ ನಾನು ರಸ್ತೆ ನೋಡುತ್ತ ಉಸಿರು ಬಿಗಿ ಹಿಡಿದು ಕೇಳಿದೆ. ತಿರುಗಿ ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

"ಅಪ್ಪ, ಒಂದ್ಸಲ ನಾನು ಓಡಿಸ್ಲಾ?"

ಹದಿನೈದು ವರ್ಷ. ಕಾನೂನು ನನಗೆ ಬಾಯಿಪಾಠ. ಬಂದ್ ಆದ ನೂಲಿನ ಗಿರಣಿಯ ಹಿಂದೆ ದೊಡ್ಡ ಬಯಲಿದೆ, ಗೇಟು ಮುರಿದು ವರ್ಷಗಳಾದವು. ಅಲ್ಲಿಗೆ ಹೋಗಿ ಸೀಟು ಬದಲಿಸಿದೆವು.

ನಮ್ಮ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ನನ್ನ ಕಾಲಡಿ. ಎರಡನ್ನೂ ಒಂದು ಸರಳಿನಿಂದ ಜೋಡಿಸಿದ್ದಾರೆ, ಒಂದು ಇಳಿದರೆ ಇನ್ನೊಂದೂ ಇಳಿಯುತ್ತದೆ. ಹಾಗಾಗಿ ಭಯವಿಲ್ಲ. ಮೊದಲ ದಿನವೇ ಎಷ್ಟು ನಯವಾಗಿ ನಿಲ್ಲಿಸಿದಳು! ಮುಂದಿನ ಗಾಜಿನ ಕೆಳಗೆ ಇಟ್ಟಿದ್ದ ನೀರಿನ ಲೋಟದಿಂದ ಒಂದು ಹನಿ ಚೆಲ್ಲಲಿಲ್ಲ. "ಇಂಥ ಕಾಲು ಹದಿನಾರು ವರ್ಷದಲ್ಲಿ ನೋಡಿಲ್ಲ ಕಣೇ" ಎಂದೆ. ಅವಳು ನಕ್ಕಳು. ಬೋಳು ಪಕ್ಕವೂ ಚೆನ್ನಾಗಿಯೇ ಕಂಡಿತು.

ಅಮ್ಮನಿಗೆ ಹೇಳಬಾರದೆಂದು ಇಬ್ಬರೂ ಒಪ್ಪಿಕೊಂಡೆವು.

ಮಾರ್ಚ್ 9, ಭಾನುವಾರ

ಮೂರನೇ ಪಾಠ. ಮನೆಯಲ್ಲಿ ಈಗಲೂ ದುಮುದುಮು, ತಟ್ಟೆ ಎತ್ತಿಡು ಎಂದರೆ ಯುದ್ಧ. ಆದರೆ ಭಾನುವಾರ ಒಂದು ಗಂಟೆ ಅವಳು ನನ್ನ ಮಗಳು. ಬೇಕೆಂದಲ್ಲಿ ನಿಲ್ಲಿಸುತ್ತಾಳೆ, ಗೆರೆ ಎಳೆದ ಹಾಗೆ. ಇವತ್ತು ತಾನಾಗಿಯೇ ಹೇಳಿದಳು, "ಅಪ್ಪ, ನನಗೆ ಬರೋದು ಇದೊಂದೇ ಅನ್ಸುತ್ತೆ."

ಮಾರ್ಚ್ 12, ಬುಧವಾರ

ಬರೆಯಲಾಗುತ್ತಿಲ್ಲ.

ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಮನೆಯ ಬೀಗದ ಕೈ ಕೇಳಿಕೊಂಡು ಸ್ಕೂಲಿಗೆ ಬಂದಳು. ಕೊಟ್ಟೆ. ಹೋಗುವಾಗ ಮೊಳೆಗೆ ನೇತುಹಾಕಿದ್ದ ಕಾರಿನ ಕೀಲಿಯನ್ನೂ ತೆಗೆದುಕೊಂಡು ಹೋಗಿದ್ದಾಳೆ. ಪಕ್ಕದ ಸೀಟಿನಲ್ಲಿ, ನಾನು ಕೂರುವ ಜಾಗದಲ್ಲಿ, ಚಶ್ಮಾ. ಇಳಿಜಾರಿನ ಕೊನೆಯಲ್ಲಿ ಲಾಂಡ್ರಿಯ ಗೋಡೆಗೆ ನೇರ ಹೋಗಿ ಗುದ್ದಿದ್ದಾರೆ.

ಚಶ್ಮಾಳ ಕತ್ತಿನ ಕೆಳಗಿನ ಮೂಳೆ ಮುರಿದಿದೆ, ಮುಂದಿನ ಎರಡು ಹಲ್ಲು ಹೋಗಿವೆ. ಮಗಳಿಗೆ ಒಂದು ತರಚು ಗಾಯವೂ ಇಲ್ಲ. ನಾನು ಓಡಿಹೋದಾಗ ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದಳು. "ಒತ್ತಿದೆ ಅಪ್ಪ. ಯಾವಾಗಲೂ ಒತ್ತಿದ ಹಾಗೇ ಒತ್ತಿದೆ. ನಿಲ್ಲಲಿಲ್ಲ."

ಮಾರ್ಚ್ 13, ಗುರುವಾರ

ಪೊಲೀಸ್ ಠಾಣೆಯಲ್ಲಿ ಅಧಿಕಾರಿಣಿ ಸಮಾಧಾನದಿಂದಲೇ ಕೇಳಿದರು. "ಕಾರು ಓಡಿಸೋದು ಯಾರು ಕಲಿಸಿದ್ದು ಪುಟ್ಟಿ?"



"ಯಾರೂ ಇಲ್ಲ. ಅಪ್ಪ ಓಡಿಸೋದು ನೋಡಿ ಕಲಿತೆ" ಎಂದಳು. ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ನನಗೆ ನಿರಾಳವಾಯಿತು. ಕಲಿಸುವವನೇ ಹದಿನೈದರ ಮಗುವಿಗೆ ಕಾರು ಕೊಟ್ಟ ಎಂದು ಗೊತ್ತಾದರೆ ನನ್ನ ಪರವಾನಗಿ ಹೋಗುತ್ತದೆ, ಕೆಲಸ ಹೋಗುತ್ತದೆ. ಅವಳು ಹೇಗೂ ಸುಳ್ಳು ಹೇಳುವುದರಲ್ಲಿ ಪಳಗಿದ್ದಾಳೆ, ಇನ್ನೊಂದು ಸುಳ್ಳಿನಿಂದ ಅವಳಿಗೇನೂ ಆಗುವುದಿಲ್ಲ ಎಂದುಕೊಂಡೆ.

ಚಶ್ಮಾಳ ತಾಯಿ ಆಸ್ಪತ್ರೆಯ ಬಾಗಿಲಲ್ಲೇ ತಡೆದರು. "ನಿಮ್ಮ ಮಗಳು ಇನ್ನು ನಮ್ಮ ಹುಡುಗಿ ಹತ್ತಿರ ಸುಳಿಯಬಾರದು" ಎಂದರು. ಹಿಂದೊಮ್ಮೆ ಅವರೂ ನನ್ನ ಬಳಿಯೇ ಕಲಿತವರು. ನಾನು ತಲೆ ತಗ್ಗಿಸಿ ಬಂದೆ.

ಮಾರ್ಚ್ 15, ಶನಿವಾರ

ಕಾರು ನೋಡಿದ ಮೆಕ್ಯಾನಿಕ್ ಹೇಳಿದ, "ಬ್ರೇಕ್ ನಂಬರ್ ಒನ್ ಆಗಿದೆ ಮೇಷ್ಟ್ರೇ. ಒತ್ತಿದ್ರೆ ನಿಲ್ಲದೆ ಎಲ್ಲಿಗೆ ಹೋಗುತ್ತೆ?"

ಅಲ್ಲಿಗೆ ಮುಗಿಯಿತು. ಒತ್ತಿಲ್ಲ. ಮನೆಗೆ ಬಂದು ಬಾಯಿಗೆ ಬಂದಂತೆ ಬೈದೆ. "ಗೆಳತಿಯ ಹಲ್ಲು ಮುರಿದ ಮೇಲೂ ಸುಳ್ಳಾ? ನೀನು ಮನುಷ್ಯಳಾ?" ಎಂದೆ. ಅವಳು ಎದುರು ಮಾತಾಡಲಿಲ್ಲ. ಮೊದಲಾಗಿದ್ದರೆ ಮನೆ ಎರಡಾಗುತ್ತಿತ್ತು.

"ಚಶ್ಮಾ ಇನ್ನೂ ಜೋರಾಗಿ ಅಂದ್ಲು. ನನಗೆ ಬೇಡ ಅನ್ಸಿತ್ತು. ಆದ್ರೂ ಜೋರಾಗಿ ಬಿಟ್ಟೆ. ಅದು ನಿಜ. ಆದ್ರೆ ಬ್ರೇಕ್ ಒತ್ತಿದ್ದೂ ನಿಜ" ಎಂದಳಷ್ಟೆ.

ಮಾರ್ಚ್ 20, ಗುರುವಾರ

ಠಾಣೆಯವರು ಬರೆದುಕೊಟ್ಟಂತೆ ಹದಿಹರೆಯದವರನ್ನು ನೋಡುವ ಡಾಕ್ಟರ ಬಳಿ ಹೋದೆವು. ಅವಳನ್ನು ಹೊರಗೆ ಕೂರಿಸಿ ನಮ್ಮಿಬ್ಬರ ಮುಂದೆ ಪ್ಲಾಸ್ಟಿಕ್ಕಿನ ಮೆದುಳು ಇಟ್ಟರು. ಮುಂದಿನ ಭಾಗ, ಹಣೆಯ ಹಿಂದಿರುವುದು, ಮಾಡುವ ಮುನ್ನ ತೂಗಿ ನೋಡುವ ಭಾಗವಂತೆ. ಎಲ್ಲಕ್ಕಿಂತ ಕೊನೆಗೆ ಬಲಿಯುವುದೂ ಅದೇ ಅಂತೆ. ಖುಷಿ, ಕೋಪ, ರೋಮಾಂಚನದ ಭಾಗಗಳು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಜೋರು ಹಿಡಿದಿರುತ್ತವೆ. ಜೊತೆಗೆ ವಾರಿಗೆಯವರು ನೋಡುತ್ತಿದ್ದರಂತೂ ಕೇಳುವುದೇ ಬೇಡ.

"ಯಾವಾಗ ಪೂರ್ತಿ ಆಗುತ್ತೆ ಡಾಕ್ಟ್ರೇ?"

"ಇಪ್ಪತ್ತೈದರ ಹತ್ತಿರ."

ನಾನು ಬೆಚ್ಚಿಬಿದ್ದೆ. ನನಗೆ ಮದುವೆಯಾದಾಗ ಇಪ್ಪತ್ನಾಲ್ಕು! ಹೆಂಡತಿಯ ಮುಖ ನೋಡಿದೆ. "ನನಗೆ ಆಗಲೇ ಅನುಮಾನ ಇತ್ತು" ಎಂದಳು ಮೆಲ್ಲಗೆ.

"ಹಾಳಾಗಿಲ್ಲ, ಕೆಲಸ ನಡೀತಿದೆ ಅಷ್ಟೆ" ಎಂದರು ಡಾಕ್ಟರು. ಇನ್ನೂ ಏನೋ ಹೇಳಿದರು, ತಾನೇ ಮಾಡಿ, ತಪ್ಪಿ, ಮತ್ತೆ ಮಾಡಿದರೇ ಅದು ಬಲಿಯುವುದು ಅಂತೆಲ್ಲ. ನನ್ನ ತಲೆಗೆ ಹೋಗಿದ್ದು ಮೊದಲನೆಯದು ಮಾತ್ರ. ಎಷ್ಟು ಸಮಾಧಾನವಾಯಿತೆಂದರೆ, ಸ್ಕೂಲಿನ ಯಜಮಾನರಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಫೋನಿನಲ್ಲಿ ಅಕ್ಕನಿಗೂ ಹೇಳಿದೆ. "ಅವಳ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಮೆದುಳಿನ ಮುಂಭಾಗ ಇನ್ನೂ ತಯಾರಾಗಿಲ್ಲ" ಎಂದು. ಫೋನಿಟ್ಟು ತಿರುಗಿದರೆ ಮಗಳು ಹಿಂದೆ ನಿಂತಿದ್ದಳು.

ಮಾರ್ಚ್ 24, ಸೋಮವಾರ

ಒಂದು ವಾರದಿಂದ ಮನೆ ಶಾಂತವಾಗಿದೆ. ತಟ್ಟೆ ತಾನೇ ಎತ್ತಿಡುತ್ತಾಳೆ. ಹೇಳಿದ್ದಕ್ಕೆಲ್ಲ ಹೂಂ. ಇದೇ ಬೇಕೆಂದು ಬಯಸಿದ್ದೆ, ಬಂದಾಗ ಬೇಡವೆನಿಸುತ್ತಿದೆ.

ಏಪ್ರಿಲ್ ಎರಡಕ್ಕೆ ಬಾಲ ನ್ಯಾಯ ಮಂಡಳಿಯಲ್ಲಿ ಅವಳ ವಿಚಾರಣೆ. ಅದಕ್ಕೆ ಕೊಡಲು ಹೇಳಿಕೆ ಬರೆದು ನನ್ನ ಮುಂದಿಟ್ಟಳು. "ನಾನು ಬ್ರೇಕ್ ಒತ್ತಲಿಲ್ಲ" ಎಂದು ಬರೆದಿತ್ತು.

"ಒತ್ತಿದೆ ಅಂತಿದ್ದೆಯಲ್ಲ?" ಎಂದೆ.

"ಒತ್ತಿದೆ ಅಂತಲೇ ನೆನಪು. ಆದ್ರೆ ಬ್ರೇಕ್ ಸರಿಯಾಗಿದೆ ಅಂತಾರಲ್ಲ. ನನ್ನ ತಲೆ ಸರಿಯಿಲ್ಲ ಅಂತ ಡಾಕ್ಟರೂ ಹೇಳಿದ್ರಂತಲ್ಲ. ಹಾಗಾದ್ರೆ ನನಗೆ ನೆನಪಿರೋದೂ ಸುಳ್ಳೇ ಇರಬೇಕು ಅಪ್ಪ. ಇನ್ಮೇಲೆ ನಾನು ಏನು ಹೇಳಿದ್ರೂ ನಂಬಬೇಡ."

ಸುಳ್ಳಿ ಎಂದು ನಾನೇ ಬೈದವನು. ಒಪ್ಪಿಕೊಂಡಳಲ್ಲ ಎಂದು ಸಂತೋಷಪಡಬೇಕಿತ್ತು. ಆಗಲಿಲ್ಲ.

ಮಾರ್ಚ್ 27, ಗುರುವಾರ

ನಾನು ಬರೆಯುತ್ತಿರುವುದು ನಿಜವೋ ಎಂದು ನಾನೇ ಎರಡು ಸಲ ಓದಿಕೊಳ್ಳುತ್ತಿದ್ದೇನೆ.

ಗುದ್ದಿದ ಕಾರು ಗ್ಯಾರೇಜಿನಲ್ಲಿದೆ. ಯಜಮಾನರು ಮೂಲೆಯಲ್ಲಿ ನಿಂತಿದ್ದ ಹಳೇ ಕಾರನ್ನು ಕೊಟ್ಟರು. "ಇದರಲ್ಲಿ ನಿಮ್ಮ ಕಡೆ ಬ್ರೇಕಿನ ಸರಳು ಬಿಚ್ಚಿಹೋಗಿದೆ ಮೇಷ್ಟ್ರೇ, ಸೋಮವಾರ ಹಾಕಿಸೋಣ. ಚೆನ್ನಾಗಿ ಕಲಿತವರನ್ನ ಮಾತ್ರ ಕರ್ಕೊಂಡು ಹೋಗಿ" ಎಂದರು. ಒಬ್ಬ ದರ್ಜಿ ಬರುತ್ತಾರೆ, ಇಪ್ಪತ್ತೆರಡು ಪಾಠ ಮುಗಿಸಿದವರು, ಮುಂದಿನ ವಾರ ಪರೀಕ್ಷೆ. ಕತ್ತರಿ ಹಿಡಿದವರ ಲೆಕ್ಕಾಚಾರ, ಅವಸರವೇ ಇಲ್ಲ. ಅವರನ್ನೇ ಕರೆದುಕೊಂಡು ಹೋದೆ.

ಮೊದಲ ಸಿಗ್ನಲಿನಲ್ಲಿ ಕಾರು ನಿಲ್ಲಲಿಲ್ಲ.

ಕೆಂಪು ದೀಪ ದಾಟಿ ಹೋಗುತ್ತಿದೆ, ದರ್ಜಿ ಕಿರುಚುತ್ತಿದ್ದಾರೆ. ನಾನು ಕೈಬ್ರೇಕು ಎಳೆದೆ. ಕಾರು ಅಡ್ಡ ತಿರುಗಿ ಕಸದ ಡಬ್ಬಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ದರ್ಜಿ ಬಿಳಿಚಿಕೊಂಡು ನನ್ನ ಕಡೆ ತಿರುಗಿ ಹೇಳಿದರು, "ಒತ್ತಿದೆ ಸರ್! ಯಾವಾಗಲೂ ಒತ್ತಿದ ಹಾಗೇ ಒತ್ತಿದೆ!"

ಅದೇ ಮಾತು. ಒಂದಕ್ಷರ ಬದಲಿಲ್ಲ.

ಆಗ ಕೆಳಗೆ ನೋಡಿದೆ. ನನ್ನ ಕಾಲು ನನ್ನ ಕಡೆಯ ಪೆಡಲನ್ನು ನೆಲಕ್ಕೆ ಹತ್ತುವಷ್ಟು ಒತ್ತಿ ಹಿಡಿದಿತ್ತು. ಸರಳಿಲ್ಲದ, ಯಾವುದಕ್ಕೂ ಜೋಡಿಸಿಲ್ಲದ ಪೆಡಲು. ಅದನ್ನು ಯಾವಾಗ ಒತ್ತಿದೆ? ನನಗೆ ಗೊತ್ತಿಲ್ಲ. ನಾನು ಒತ್ತಲು ಹೇಳಿಯೇ ಇರಲಿಲ್ಲ ಆ ಕಾಲಿಗೆ.

ರಸ್ತೆ ಬದಿಯಲ್ಲಿ ಕೂತು ದರ್ಜಿಯನ್ನು ಕೇಳಿದೆ, ದಿನಾ ಎಷ್ಟು ಒತ್ತುತ್ತೀರಿ ಎಂದು. ಅವರು ನನ್ನ ಅಂಗೈ ಮೇಲೆ ಹೆಬ್ಬೆರಳಿಟ್ಟು ತೋರಿಸಿದರು. ಗುಂಡಿ ಹೊಲಿಯುವಾಗ ಬಟ್ಟೆ ಹಿಡಿದುಕೊಳ್ಳುವಷ್ಟು. ಆ ಭಾರಕ್ಕೆ ಸೈಕಲ್ಲೂ ನಿಲ್ಲುವುದಿಲ್ಲ.

ಹದಿನಾರು ವರ್ಷ ಇವರೆಲ್ಲರ ಬ್ರೇಕು ನಾನೇ ಒತ್ತಿದ್ದೇನೆ. ಅವರ ಪೆಡಲು ಕಾಲಡಿ ತಾನಾಗಿ ಇಳಿದಾಗ ತಾವೇ ಒತ್ತಿದೆವು ಎಂದುಕೊಂಡಿದ್ದಾರೆ. ಭಾನುವಾರಗಳಲ್ಲಿ ಅವಳ ಪಕ್ಕದಲ್ಲಿ ಕೂತು ಒತ್ತಿದವನೂ ನಾನೇ. ಎಲ್ಲರಿಗಿಂತ ಹೆಚ್ಚು ಅವಳಿಗೇ ಒತ್ತಿರಬೇಕು, ಒಂದು ಹನಿ ನೀರು ಚೆಲ್ಲದ ಹಾಗೆ.

ಅವಳು ಒತ್ತಿದ್ದಳು.

ಮಾರ್ಚ್ 28, ಶುಕ್ರವಾರ

ಹೇಳಲಿಲ್ಲ.

ಮಾರ್ಚ್ 29, ಶನಿವಾರ

ಕೆಲಸಕ್ಕೆ ಹೋಗಿಲ್ಲ. ಜ್ವರ ಎಂದು ಯಜಮಾನರಿಗೆ ಸುಳ್ಳು ಹೇಳಿದೆ. ಹನ್ನೊಂದರವರೆಗೆ ಮಲಗಿದ್ದೆ. ಊಟಕ್ಕೆ ಕರೆದರೆ ರೇಗಿದೆ, ಏನಾಯಿತು ಎಂದರೆ ಏನಿಲ್ಲ ಎಂದೆ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು, "ಈ ಮನೇಲಿ ಹದಿನೈದು ವರ್ಷದವರು ಎಷ್ಟು ಜನ ಇದ್ದೀರಿ ಅಂತ ಒಂದ್ಸಲ ಹೇಳಿಬಿಡಿ, ಅಷ್ಟಕ್ಕೇ ಅಡುಗೆ ಮಾಡ್ತೀನಿ."

ನನಗೆ ನಗು ಬರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬುದು ಒಂದು ಕಡೆ. ಹೇಳದಿದ್ದರೆ ಅವಳು ತನ್ನ ತಲೆಯನ್ನು ತಾನೇ ನಂಬದೆ ಬೆಳೆಯುತ್ತಾಳೆ. ಇದರಲ್ಲಿ ಯೋಚಿಸಲು ಏನಿದೆ ಎಂದು ಬೇರೆ ಯಾರನ್ನಾದರೂ ನಾನು ಬೈಯುತ್ತಿದ್ದೆ.

ಮಾರ್ಚ್ 30, ಭಾನುವಾರ

ಮೊದಲು ಹೆಂಡತಿಗೆ ಹೇಳಿದೆ. ಗಿರಣಿಯ ಬಯಲು, ಮೂರು ಪಾಠ, ದರ್ಜಿ, ಎಲ್ಲ. "ನೀವಾ ಕಲಿಸಿದ್ದು? ಠಾಣೇಲಿ ಆ ಮಗು ಸುಳ್ಳು ಹೇಳ್ತಿದ್ದಾಗ ಪಕ್ಕದಲ್ಲೇ ಕೂತಿದ್ರಲ್ಲ ರೀ?" ಎಂದಳು. "ನನಗೆ ಹೇಳಿ ಏನು ಬಂತು? ಎದ್ದು ಹೋಗಿ ಅವಳಿಗೆ ಹೇಳಿ."

ಹೋದೆ. ಮಗಳು ಹಾಸಿಗೆಯ ಮೇಲೆ ಕೂತಿದ್ದಳು, ಬೋಳು ಪಕ್ಕದಲ್ಲಿ ಸಣ್ಣಗೆ ಕೂದಲು ಬಂದಿದೆ. ನಿಂತೇ ಹೇಳಿದೆ. ಒಂದೇ ಉಸಿರಿಗೆ. "ನೀನು ಒತ್ತಿದ್ದೆ. ನಿನ್ನ ನೆನಪು ಸರಿಯಾಗಿದೆ. ನಿನ್ನ ತಲೆ ಸರಿಯಾಗಿದೆ. ತಪ್ಪು ನನ್ನ ಕಾಲಿನದು" ಎಂದೆ.

ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಅವಳ ಮುಖದ ಬಣ್ಣ ಇಳಿಯಿತು.

"ಹಾಗಾದ್ರೆ ನಾನು ಒಂದು ಸಲಾನೂ ನಿಲ್ಲಿಸಿಲ್ವಾ?"

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ.

"ಲೋಟದ ನೀರು ಚೆಲ್ಲದ ಹಾಗೆ ನಿಲ್ಲಿಸಿದ್ದು ನಾನಲ್ವಾ? ಇಂಥ ಕಾಲು ನೋಡೇ ಇಲ್ಲ ಅಂದ್ಯಲ್ಲ ಅಪ್ಪ? ಅದು ನಿನ್ನ ಕಾಲಾ?"

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಅವಳಿಗೆ ಬರುವುದು ಎಂದಿದ್ದ ಒಂದೇ ಒಂದನ್ನು ನಾನು ಬಾಯಾರೆ ಹೊಗಳಿ ಕೊಟ್ಟು, ಈಗ ಬಾಯಾರೆ ಕಿತ್ತುಕೊಂಡೆ.

ಏಪ್ರಿಲ್ 2, ಬುಧವಾರ

ವಿಚಾರಣೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಮೂವರು ಕೂತಿದ್ದರು, ಮೂವರೂ ಬರೆಯುವುದನ್ನು ನಿಲ್ಲಿಸಿದರು. ಕಲಿಸುವ ಪರವಾನಗಿಯನ್ನು ಅಲ್ಲೇ ತೆಗೆದುಕೊಂಡರು. ಯಜಮಾನರು ಹೊರಗೆ ಸಿಕ್ಕಿ, "ಇಷ್ಟು ವರ್ಷ ನಮ್ಮಲ್ಲಿ ಪಾಸಾದೋರೆಲ್ಲ ರಸ್ತೇಲಿ ಏನ್ ಮಾಡ್ತಿದ್ದಾರೋ ಮೇಷ್ಟ್ರೇ!" ಎಂದು ತಲೆ ಮೇಲೆ ಕೈಹೊತ್ತರು. ಪಾಸಾದ ಎಲ್ಲರಿಗೂ ಫೋನು ಮಾಡಿ ಮತ್ತೊಮ್ಮೆ ಕರೆಯುತ್ತಾರಂತೆ.

ಮಗಳನ್ನು ಕೇಳಿದರು, ಅಪ್ಪ ಕಲಿಸಿದ್ದನ್ನು ಯಾಕೆ ಮುಚ್ಚಿಟ್ಟೆ ಎಂದು.

"ಅಪ್ಪನ ಕೆಲಸ ಹೋಗುತ್ತೆ ಅಂತ. ಆಮೇಲೆ ಮನೇಲಿ ಅಮ್ಮ ಒಬ್ಬಳೇ ದುಡೀಬೇಕಾಗುತ್ತೆ ಅಂತ."

ಅಷ್ಟು ಮುಂದಿನದು ಆ ಹೊತ್ತಿನಲ್ಲಿ ಅವಳಿಗೆ ಹೊಳೆದಿತ್ತು. ನನಗೆ ಹೊಳೆದದ್ದು ನನ್ನ ಕೆಲಸ ಉಳಿಯಿತು ಎಂಬುದು ಮಾತ್ರ. ಮುಂಭಾಗ ಬಲಿಯಬೇಕಾದದ್ದು ಯಾರದೆಂದು ಡಾಕ್ಟರನ್ನು ಇನ್ನೊಮ್ಮೆ ಕೇಳಬೇಕು.

ಏಪ್ರಿಲ್ 6, ಭಾನುವಾರ

ಮೂರು ದಿನ ಮಾತಿಲ್ಲ. ಇವತ್ತು ಬೆಳಿಗ್ಗೆ ನನ್ನೆದುರು ಬಂದು ಕೂತಳು.

"ಇನ್ನೆಲ್ಲೆಲ್ಲಿ ಹೀಗೆ ಮಾಡಿದ್ದೀಯ ಅಪ್ಪ?"

"ಹೀಗೆ ಅಂದ್ರೆ?"

"ನಾನೇ ಮಾಡಿದೆ ಅಂದ್ಕೊಂಡಿದ್ದು, ನೀನು ಮಾಡಿದ್ದು. ಎಲ್ಲಾ ಹೇಳು."

ಹೇಳಿದೆ. ಮೂರನೇ ಕ್ಲಾಸಿನಲ್ಲಿ ಬಹುಮಾನ ಬಂದ ಚಿತ್ರದ ಆಕಾಶವನ್ನು ಅವಳು ಮಲಗಿದ ಮೇಲೆ ನಾನು ಸರಿಮಾಡಿದ್ದು. ಚದುರಂಗದಲ್ಲಿ ಎರಡು ವರ್ಷ ಬೇಕೆಂದೇ ಸೋತದ್ದು. ನಾಟಕದಲ್ಲಿ ಪಾತ್ರ ಸಿಗಲೆಂದು ಟೀಚರಿಗೆ ಫೋನು ಮಾಡಿದ್ದು. ಅವಳು ಒಂದೊಂದಕ್ಕೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಅಷ್ಟೇನಾ?"

ಇನ್ನೊಂದಿತ್ತು. ಇದನ್ನು ಸಾಯುವವರೆಗೂ ಹೇಳಬಾರದು ಎಂದುಕೊಂಡಿದ್ದೆ. ಆರನೇ ಕ್ಲಾಸಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಒಂದು ತಿಂಗಳು ಒಬ್ಬಳೇ ಕೂತಿದ್ದಳು. ಆಗ ಕಾರು ಕಲಿಯಲು ಬರುತ್ತಿದ್ದ ಚಶ್ಮಾಳ ತಾಯಿಗೆ ಹೇಳಿದೆ, ನಿಮ್ಮ ಮಗಳಿಗೆ ನನ್ನ ಮಗಳ ಪಕ್ಕ ಕೂರಲು ಹೇಳಿ ಎಂದು. ಅವಳಿಗಿರುವ ಒಬ್ಬಳೇ ಗೆಳತಿ.

ಹೇಳಿದೆ.

"ಅದು ನನಗೆ ಗೊತ್ತು" ಎಂದಳು.

"ಹೇಗೆ?" ಎಂದೆ.

"ಎರಡನೇ ದಿನವೇ ಚಶ್ಮಾ ಹೇಳಿದ್ಲು. 'ನಿಮ್ಮಪ್ಪ ಹೇಳಿದ್ದಕ್ಕೆ ಕೂತಿದ್ದೀನಿ, ನಿಂಗೆ ಬೇಡ ಅಂದ್ರೆ ಎದ್ದು ಹೋಗ್ತೀನಿ' ಅಂದ್ಲು. ನಾನು ಸ್ವಲ್ಪ ಹೊತ್ತು ಯೋಚಿಸಿ ಕೂತ್ಕೋ ಅಂದೆ."

"ನಾಲ್ಕು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಬೇಜಾರಾಗುತ್ತೆ ಅಂತ."

ಎದ್ದು ಚಪ್ಪಲಿ ಹಾಕಿಕೊಂಡಳು. ಚಶ್ಮಾಳ ಮನೆಗೆ ಹೋಗಿ ಅವಳ ತಾಯಿಯ ಹತ್ತಿರ ತಾನೇ ಮಾತಾಡುತ್ತಾಳಂತೆ. ಅವರು ಬೈದರೆ ಬೈಸಿಕೊಳ್ಳುತ್ತಾಳಂತೆ. "ನೀನು ಬರಬೇಡ. ಫೋನೂ ಮಾಡಬೇಡ" ಎಂದಳು. ಹೋದಳು.

ಚಶ್ಮಾಳ ತಾಯಿಯ ನಂಬರು ನನಗೆ ಬಾಯಿಗೆ ಬರುತ್ತದೆ. ಮಗು ಬರುತ್ತಿದೆ, ಸ್ವಲ್ಪ ಮೆತ್ತಗೆ ಮಾತಾಡಿ, ಅಷ್ಟು ಹೇಳಿದರೆ ಸಾಕು, ಅರ್ಧ ನಿಮಿಷದ ಕೆಲಸ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಎಂದಿದ್ದೇನೆ. ಮಗಳು ಹೋಗಿ ಒಂದು ಗಂಟೆ ಹತ್ತು ನಿಮಿಷವಾಯಿತು. ಇಷ್ಟರಲ್ಲಿ ಎರಡು ಸಲ ಕೇಳಿದೆ, ಹೆಂಡತಿ ಕೊಡಲಿಲ್ಲ.